ಕೆಳಮನೆಯಾತನ ತಪ್ಪುಕಾಣಿಕೆ

ಕಳೆದ ತಿಂಗಳು ಕೆಳಮನೆಯ ಮಗಳು ಹಳೇ ಸೀರೆಯ ತುಂಡಿನಲ್ಲಿ ಬಿತ್ತನೆ ಅವರೆ ಕಟ್ಟಿ ತಂದುಕೊಟ್ಟಳು. ಹಿತ್ತಲ ಬೇಲಿಗೆ ಹಬ್ಬಿಸಲು ನಾನೇ ಕೇಳಿದ್ದೆ. ಗಂಟು ಬಿಚ್ಚಿ ಕೈ ಹಾಕಿದೆ. ಕಾಳಿಗೆ ಬೂದಿ ಬೆರೆಸಿತ್ತು. ಹುಳ ಬೀಳದಿರಲೆಂದು ನಮ್ಮ ಕಡೆ ಹಾಗೆಯೇ ಇಡುತ್ತಾರೆ. ಒಲೆಯ ಬೂದಿಯ ವಾಸನೆ, ಅದರೊಳಗೆ ಒಣಗಿದ ಅವರೆಯ ಸೊಗಡು... ನನ್ನ ಕೈ ಗಂಟಿನೊಳಗೇ ನಿಂತುಬಿಟ್ಟಿತು.

"ಯಾಕ್ ದೊಡ್ಡಪ್ಪ, ಉಳ ಬಿದ್ದದಾ?" ಎಂದು ಅವಳು ಕೇಳಿದಳು.

ಇಲ್ಲ ಎಂದೆ. ಅವಳು ಹೋದ ಮೇಲೆ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದೆ. ಅವಳ ಅಪ್ಪನ ನೆನಪು ಬಂದಿತ್ತು. ಅದರ ಹಿಂದೆಯೇ ನನ್ನ ಮಗನ ನೆನಪೂ ಬಂತು. ಇವೆರಡು ನೆನಪುಗಳನ್ನು ನಾನು ಬೇರೆ ಮಾಡಲಾರೆ. ಇದನ್ನೆಲ್ಲ ದೇವರಿಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದೇವರಿಗೆ ಹೇಳುವುದು ಸುಲಭ, ಆತ ಎದುರುತ್ತರ ಕೊಡುವುದಿಲ್ಲ. ಮನುಷ್ಯರಿಗೂ ಹೇಳಬೇಕೆಂದು ಈಗ ಬರೆಯುತ್ತಿದ್ದೇನೆ. ನಾನು ಹತ್ತನೇ ತರಗತಿಯವರೆಗೆ ಓದಿದವನು. ತಪ್ಪಿದ್ದರೆ ಸಹಿಸಿಕೊಳ್ಳಿ.

ನಮ್ಮ ಮನೆ ದಿಣ್ಣೆಯ ಮೇಲಿದೆ. ಅದರ ಕೆಳಗೆ ಹತ್ತು ಮಾರು ದೂರದಲ್ಲಿ ಆತನ ಮನೆ. ಅದಕ್ಕೇ ಕೆಳಮನೆಯವನು ಎನ್ನುತ್ತಿದ್ದೆವು. ಆತ ಜೀರಹಳ್ಳಿ ಕಡೆಯವನು. ಶಿವಪೂಜೆಯ ಮನೆತನ, ಹೊಲ, ಎತ್ತು ಎಲ್ಲ ಇದ್ದವರು. ಪ್ರಾಯದಲ್ಲಿ ಎಲ್ಲೋ ಬೈಬಲ್ ವಾಕ್ಯ ಕೇಳಿ ನಮ್ಮ ಕ್ರೈಸ್ತ ಸಭೆಗೆ ಸೇರಿದ. ಅವನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲವಂತೆ. ಊಟದ ಹೊತ್ತಿನಲ್ಲಿ ಅವನಿಗೆ ಎಲೆ ಹಾಕುವುದನ್ನು ನಿಲ್ಲಿಸಿದರಂತೆ, ಅಷ್ಟೇ. ಕೆಲವು ದಿನ ಸುಮ್ಮನೆ ಪಂಕ್ತಿಯಲ್ಲಿ ಕೂತು ಎದ್ದವನು ಒಂದು ದಿನ ಉಟ್ಟ ಬಟ್ಟೆಯಲ್ಲಿ ಹೊರಟು ಬಂದ. ನಮ್ಮ ಊರಿನಲ್ಲಿ ಹೊಲ ವಾರಕ್ಕೆ ಮಾಡಿಕೊಂಡು, ಸಭೆಯಲ್ಲೇ ಒಂದು ಹುಡುಗಿಯನ್ನು ಮದುವೆಯಾಗಿ, ಇಬ್ಬರು ಗಂಡುಮಕ್ಕಳನ್ನೂ ಒಬ್ಬಳು ಮಗಳನ್ನೂ ಸಾಕಿದ.

ನಾವೋ, ಅಜ್ಜನ ಕಾಲದಿಂದ ಸಭೆಯವರು. ಅಪ್ಪ ಅದನ್ನು ನಡೆಸುವ ಹಿರಿಯರಾಗಿದ್ದರು, ಆಮೇಲೆ ನಾನು ಹಿರಿಯನಾದೆ. ಭಾನುವಾರ ವಾಕ್ಯ ಓದುವವನು ನಾನೇ. ಆತನಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಆದರೂ ಆತ 'ಅಣ್ಣಾ, ನೀವು' ಎನ್ನುತ್ತಿದ್ದ, ನಾನು 'ಏನ್ಲಾ' ಎನ್ನುತ್ತಿದ್ದೆ. ಹೊಸದಾಗಿ ಬಂದವನಿಗೆ ನಾವು ಕೊಟ್ಟ ಕೆಲಸ ಗಂಟೆ ಹೊಡೆಯುವುದು. ಹುಣಸೆ ಮರಕ್ಕೆ ತೂಗುಹಾಕಿದ ಒಂದು ತುಂಡು ರೈಲು ಕಂಬಿಯೇ ನಮ್ಮ ಗಂಟೆ. ಅದನ್ನು ಆತ ಎಷ್ಟು ಖುಷಿಯಿಂದ ಬಾರಿಸುತ್ತಿದ್ದನೆಂದರೆ ಆರಾಧನೆಗೆ ಬಾರದವರು ಕೂಡ ಎದ್ದು ಕೂರಬೇಕಾಗುತ್ತಿತ್ತು. ಹಾಡುವಾಗ ರಾಗ ಮಾತ್ರ ಒಂದು ದಿನವೂ ಸರಿ ಹತ್ತಲಿಲ್ಲ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಘಟ್ಟದ ಕೆಳಗಿನಿಂದ ಪಾಸ್ಟರಯ್ಯ ಬಂದು ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಯಾರಿಗಾದರೂ ತಪ್ಪು ಮಾಡಿದ್ದರೆ ಅವರೊಡನೆ ಸರಿಮಾಡಿಕೊಂಡೇ ಮುಂದೆ ಬರಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಗೊತ್ತಿದ್ದೂ ನಾವೆಲ್ಲ ಕಣ್ಣು ಮುಚ್ಚಿ ಒಂದು ನಿಮಿಷ ತಲೆ ಬಗ್ಗಿಸಿ, ಸರಿಯಾಯಿತು ಎಂದುಕೊಂಡು ಹೋಗುತ್ತಿದ್ದೆವು. ಆತ ಹಾಗಲ್ಲ. ಹಿಂದಿನ ದಿನ ಶನಿವಾರ, ದೀಪ ಹಚ್ಚುವ ಹೊತ್ತಿಗೆ, ಮೂರು ಮಕ್ಕಳನ್ನೂ ಅಂಗಳದಲ್ಲಿ ಸಾಲಾಗಿ ಕೂರಿಸುತ್ತಿದ್ದ. ತಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದು ಮಗುವಿನ ಕೈಗೂ ಒಂದು ಹಿಡಿ ಹುರಿದ ಕಡಲೆಕಾಯಿ ಹಾಕಿ, ಆ ತಿಂಗಳು ತಾನು ಮಾಡಿದ ತಪ್ಪನ್ನು ಹೇಳುತ್ತಿದ್ದ. ನಿನ್ನನ್ನು ಸುಮ್ಮಸುಮ್ಮನೆ ಬೈದೆ, ನೀನು ಜ್ವರ ಎಂದಾಗ ನಂಬಲಿಲ್ಲ, ಇಂಥವು. ಆಮೇಲೆ ಕೇಳುತ್ತಿದ್ದ, "ಒಪ್ಕಂಡ್ಯಾ ಮಗ?" ಮಗು "ಒಪ್ಕಂಡೆ" ಎಂದರೆ ಮುಂದಿನ ಮಗು.

ನಮ್ಮ ಜಗಲಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಒಮ್ಮೆ ಹೊಲದ ಬದುವಿನ ಮೇಲೆ ಸಿಕ್ಕಾಗ ಕೇಳಿದೆ, "ಏನ್ಲಾ ಅದು, ಮಕ್ಕಳ ಮುಂದೆ ನಾಟಕ?"

"ತಪ್ಕಾಣ್ಕೆ ಕಣಣ್ಣ" ಎಂದ.

ಈ ಸೀಮೆಯವರಿಗೆ ಆ ಮಾತು ಗೊತ್ತು. ದೇವರಿಗೆ ತಪ್ಪಿ ನಡೆದರೆ ಅರಿಶಿನ ಬಟ್ಟೆಯಲ್ಲಿ ಕಾಸು ಕಟ್ಟಿ ಗುಡಿಯಲ್ಲಿಟ್ಟು, 'ಒಪ್ಪಿಸಿಕೋ' ಎಂದು ಅಡ್ಡ ಬೀಳುವುದಕ್ಕೆ ತಪ್ಪುಕಾಣಿಕೆ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಬಿಟ್ಟು ಬಂದ ಕಡೆಯ ಮಾತನ್ನು ಸಭೆಯೊಳಕ್ಕೆ ತರುತ್ತೀಯಾ ಎಂದೆ.

ಆತ ಗುದ್ದಲಿಯ ಮಣ್ಣು ಕೆರೆಯುತ್ತ ಹೇಳಿದ, "ನಮ್ಮಪ್ಪ ದೇವ್ರಿಗೆ ವರ್ಸ ವರ್ಸ ತಪ್ಕಾಣ್ಕೆ ಇಕ್ತಿದ್ದ ಅಣ್ಣ. ನಂಗೆ ಒಂದ್ ದಿವ್ಸಾನೂ ಇಕ್ನಿಲ್ಲ. ನಾನೂ ಅವ್ನಿಗೆ ಇಕ್ನಿಲ್ಲ, ಅಂಗೇ ಸತ್ತೋದ. ನಮ್ ಮಕ್ಕಳ ಜೊತೆ ಅಂಗಾಗದು ಬ್ಯಾಡ."

ಒಂದು ಸಲ ಆತನ ಮಗಳು, ಆಗ ಆರೇಳು ವರ್ಷದವಳು, ಒಪ್ಪಲಿಲ್ಲ. ಅವಳು ಸಾಕಿದ್ದ ಆಡಿನ ಮರಿಯನ್ನು ಮಾರುವುದಿಲ್ಲ ಎಂದು ಮಾತು ಕೊಟ್ಟು, ಆತ ತಾಳವಾಡಿ ಸಂತೆಗೆ ಹೊಡೆದುಕೊಂಡು ಹೋಗಿದ್ದ.

"ನಾ ಒಪ್ಕಳಲ್ಲ. ನನ್ ಮರಿ ತಂದ್ಕೊಡು."

"ಅದ್ನ ಆಗ್ಲೇ ಕುಯ್ದವ್ರೆ ಕಣವ್ವ."

"ಅಂಗಾರೆ ಒಪ್ಕಳಲ್ಲ."

ಮರುದಿನ ಎಲ್ಲರೂ ಭೋಜನಕ್ಕೆ ಎದ್ದು ಮುಂದೆ ಹೋದರೆ ಆತ ಚಾಪೆಯ ಮೇಲೆ ಕೂತೇ ಇದ್ದ. ಹೊರಗೆ ಬಂದ ಮೇಲೆ ಗಂಡಸರೆಲ್ಲ ಸುತ್ತಿಕೊಂಡು ಕೆಣಕಿದರು. "ಏನ್ಲಾ, ಅಪ್ಪಣೆ ಸಿಕ್ನಿಲ್ವಾ?" ಆತ ಹಲ್ಲು ಬಿಟ್ಟು ನಕ್ಕ. "ಇಲ್ಲ ಕಣಣ್ಣ. ನಮ್ ಅಮ್ಮಣ್ಣಿ ಇನ್ನೂ ಮಕ ಊದಿಸ್ಕಂಡವ್ಳೆ." ಮುಂದಿನ ತಿಂಗಳೂ ಅವಳು ಒಪ್ಪಲಿಲ್ಲ, ಆತ ಕೂತೇ ಇದ್ದ. ಅದರ ಮುಂದಿನ ತಿಂಗಳು ಕಡಲೆಕಾಯಿ ಬಾಯಿಗೆ ಹಾಕಿಕೊಂಡು "ಓಗ್ಲಿ ಬುಡು" ಎಂದಳು. ನಾನು ಕೂಡ ಅವತ್ತು ಜಗಲಿಯ ಮೇಲೆ ನಕ್ಕೆ. ಆದರೆ ಒಳಗೆ ಬಂದು ಹೆಂಡತಿಗೆ, ಹೀಗೆ ಬೆಳೆದ ಮಕ್ಕಳು ಅಪ್ಪನ ಹೆಗಲ ಮೇಲೆ ಕೂರುತ್ತವೆ, ನೋಡುತ್ತಿರು, ಎಂದೆ.

ನನ್ನ ಮನೆಯ ರೀತಿ ಬೇರೆ. ಹೊತ್ತು ಮೂಡುವ ಮೊದಲು ಕುಟುಂಬ ಪ್ರಾರ್ಥನೆ. ಮಗ ವಾಕ್ಯ ಬಾಯಿಪಾಠ ಒಪ್ಪಿಸಬೇಕು. ತಪ್ಪಿದರೆ ಹೊಡೆಯಲೆಂದು ತೊಲೆಯ ಸಂದಿನಲ್ಲಿ ಹುಣಸೆ ಬರಲು ಸಿಕ್ಕಿಸಿಟ್ಟಿದ್ದೆ. ಒಬ್ಬನೇ ಮಗ, ಅವನನ್ನು ಕರ್ತನ ಮಾರ್ಗದಲ್ಲಿ ಬೆಳೆಸುವುದೇ ನನ್ನ ಸೇವೆ ಎಂದು ನಂಬಿದ್ದೆ. ಪ್ರೀತಿ ಇರಲಿಲ್ಲವೆಂದು ಸುಳ್ಳು ಹೇಳಲಾರೆ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಪಣಕಹಳ್ಳಿಯವರೆಗೂ ಹೋಗುತ್ತಿದ್ದೆ. ಅವನು ದಾರಿಯುದ್ದಕ್ಕೂ 'ಅಪ್ಪಾ ನೋಡು, ಅಪ್ಪಾ ನಿಲ್ಸು' ಎಂದು ಬಾಯಿ ಮುಚ್ಚದೆ ಮಾತಾಡುತ್ತಿದ್ದ. ಆಗ ಅವನು ನನಗೆ ನೀನು ಎನ್ನುತ್ತಿದ್ದ.

ಅವನಿಗೆ ಹನ್ನೆರಡು ವರ್ಷವಿರಬೇಕು. ಅದು ಕರ್ತನ ಭೋಜನದ ಭಾನುವಾರ. ಹೆಂಡತಿ ಮೈ ಹುಷಾರಿಲ್ಲದೆ ಮಲಗಿದ್ದಳು. ಬೇಗ ಹೊರಟು ಬಾ ಎಂದು ಮಗನಿಗೆ ಹೇಳಿ ನಾನು ಮೊದಲೇ ಹೋಗಿದ್ದೆ. ಮೊದಲ ಹಾಡು ಮುಗಿಯಿತು. ವಾಕ್ಯ ಓದಲು ನಾನು ಎದ್ದು ನಿಂತಿದ್ದಾಗ ಅವನು ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತ. ಹಣೆಯ ಉದ್ದಕ್ಕೂ ಬೂದಿ ಬಣ್ಣದ ಪಟ್ಟೆ...

ಸಭೆಯವರೆಲ್ಲ ಹಿಂದಿರುಗಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಸುತ್ತಲೂ ವಿಭೂತಿ ಧರಿಸುವ ಮನೆಗಳ ನಡುವೆ ಬಾಳಿದವರು ನಾವು. ಹಣೆ ಖಾಲಿ ಇರುವುದೇ ನಮ್ಮ ಗುರುತು ಎಂದು ನಾನೇ ನೂರು ಸಲ ಹೇಳಿದ್ದೆ. ಹಿರಿಯನ ಮಗನೇ ಹೀಗೆ ಬಂದರೆ? ಓದುವುದನ್ನು ಬಿಟ್ಟು ಕೆಳಗಿಳಿದು ಹೋಗಿ ಅವನ ಕಿವಿ ಹಿಡಿದೆ.

"ಅಪ್ಪಾ, ಇದು ಅವರೆಗೆ..." ಎಂದ.

ಕೆನ್ನೆಗೆ ಹೊಡೆದೆ. ಎಳೆದುಕೊಂಡು ಬಂದು ಎಲ್ಲರ ಮುಂದೆ ಮಂಡಿಯೂರಿಸಿದೆ. "ಯಾರ ಗುರುತು ಇಟ್ಟುಕೊಂಡು ಬಂದಿದ್ದಾನೆ ನೋಡಿ" ಎಂದು ಸಭೆಗೆ ತೋರಿಸಿದೆ. ಹಿಂದಿನ ಸಾಲಿನಲ್ಲಿ ಕೆಳಮನೆಯವನು ಎದ್ದು ನಿಂತು "ಅಣ್ಣಾ" ಎಂದ. ನಾನು ಕೈ ಮಾಡಿ ಕೂರಲು ಹೇಳಿದೆ. ಆತ ಸ್ವಲ್ಪ ಹೊತ್ತು ನಿಂತಿದ್ದು ಕೂತುಕೊಂಡ. ಆರಾಧನೆ ಮುಗಿಯುವವರೆಗೂ ಮಗ ಮಂಡಿಯೂರಿಯೇ ಇದ್ದ. ಬೆವರಿಗೆ ಬೂದಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ನಾನು ಅವನನ್ನು ದಾಟಿಕೊಂಡು ಹೋಗಿ ರೊಟ್ಟಿ ತೆಗೆದುಕೊಂಡೆ.

ಮಧ್ಯಾಹ್ನ ಆತ ನಮ್ಮ ಮನೆಗೆ ಬಂದ. ಜಗಲಿ ಹತ್ತಲಿಲ್ಲ, ಕೆಳಗೇ ನಿಂತ.

"ಅಣ್ಣ, ಅದು ವಿಬೂತಿ ಅಲ್ಲ. ಬೆಳಗ್ಗೆ ನಮ್ಮವ್ಳು ಬಿತ್ನೆ ಅವ್ರೆಗೆ ಬೂದಿ ಬೆರೆಸ್ತಿದ್ಲು. ಉಡ್ಗ ನಿಮ್ ಮನೆಯವ್ರಿಗೆ ಬಿಸ್ನೀರು ಈಸ್ಕಂಡೋಗಕ್ಕೆ ಬಂದೋನು, ಚಿಕ್ಕವ್ವಾ ನಾನೂ ಬೆರೆಸ್ತೀನಿ ಅಂತ ಕೈ ಆಕ್ದ. ಕಂಬಿ ಬಾರಿಸಿದ್ದು ಕೇಳಿ ಅಂಗೇ ಓಡ್ಬಂದವ್ನೆ. ಬೆವರು ಒರೆಸ್ಕಂಡಿರ್ತಾನೆ."

"ನೀನೇನು ನೋಡಿದ್ಯಾ?"

"ಮೂರ್ ಬೆರ್ಳಿನ ಗೆರೆ ಎಂಗಿರ್ತದೆ ಅಂತ ನಂಗೊತ್ತಿಲ್ವಾ ಅಣ್ಣ? ಮದ್ವೆ ವಯಸ್ಸಿನಗಂಟ ಇಕ್ಕಂಡಿದ್ದೋನು ನಾನು. ಅದು ಅಂಗೈ ಉಜ್ಜಿರೋದು."

ನನಗೆ ಆಗಲೇ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯಬೇಕಾಗಿರುವುದು. ಬೆಳಗ್ಗೆ ತಪ್ಪು ತಿಳಿದು ಹೊಡೆದೆ, ಅದು ಒಂದು. ಮಧ್ಯಾಹ್ನ ಸರಿಯಾಗಿ ತಿಳಿಯಿತು, ತಿಳಿದೂ ಬಾಯಿ ಬಿಡಲಿಲ್ಲ. ಇದು ಬೇರೆ.

ಆತ ದನಿ ತಗ್ಗಿಸಿ ಹೇಳಿದ, "ತಪ್ಪಾಯ್ತು ಅಂತ ಉಡ್ಗನ್ನ ಒಂದ್ ಮಾತು ಕೇಳ್ಬುಡಿ ಅಣ್ಣ. ಸಂಜೆ ಒಳ್ಗೆ ಕೇಳ್ಬುಡಿ. ಒಂದಿಡಿ ಕಳ್ಳೆಕಾಯಿ ನಾನೇ ತಂದಿವ್ನಿ." ಹೆಗಲ ಟವಲಿನ ಮೂಲೆಯಲ್ಲಿ ಗಂಟು ಇತ್ತು.

"ಮಗನ ಮುಂದೆ ನಾನು ಬಗ್ಗಬೇಕಾ? ನಾಳೆ ಅವನು ನನ್ನ ಮಾತು ಕೇಳ್ತಾನೇನ್ಲಾ?"

"ಕೇಳೋದು ನಮ್ದು ಅಣ್ಣ, ಒಪ್ಪೋದು ಬುಡೋದು ಅವ್ರದು. ಅವ್ನು ಕಾಯ್ತಾವ್ನೆ."

ಕಾಯುತ್ತಿದ್ದ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನಾನು ತಿರುಗಿ ನೋಡಿದಾಗ ಅವನ ಮುಖ ಬಾಗಿಲ ಸಂದಿನಲ್ಲಿ ಕಂಡಿತು. ಮುಖ ತೊಳೆದುಕೊಂಡಿದ್ದ, ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನನಗೆ ಹೀಗಾಗುತ್ತಿರಲಿಲ್ಲವೇನೋ... ಅಪ್ಪ ಈಗ ಏನೋ ಹೇಳುತ್ತಾನೆ ಎಂದು ನೋಡುತ್ತಿದ್ದ. ನಾನು ಕೆಳಮನೆಯವನಿಗೆ "ನಿನ್ನ ತಪ್ಪುಕಾಣಿಕೆ ನಿನ್ನ ಮನೆಯಲ್ಲಿಟ್ಟುಕೋ, ಹೋಗು" ಎಂದೆ.

ಅಷ್ಟಕ್ಕೆ ನಿಲ್ಲಿಸಲಿಲ್ಲ. ನಾಚಿಕೆಯಾದಾಗ ನನ್ನಂಥವನಿಗೆ ಬರುವುದು ಕೋಪ. ಮುಂದಿನ ತಿಂಗಳು ಪಾಸ್ಟರಯ್ಯ ಬಂದಾಗ ಹಿರಿಯರ ಕೂಟದಲ್ಲಿ ಆತನ ವಿಷಯ ಎತ್ತಿದೆ. ಗುಡಿಯ ಪದ್ಧತಿಯನ್ನು ಸಭೆಯವನೊಬ್ಬ ಮನೆಯಲ್ಲಿ ನಡೆಸುತ್ತಿದ್ದಾನೆ ಎಂದೆ. ಪಾಸ್ಟರಯ್ಯನದು ತಮಿಳು. ಅವರಿಗೆ ಆ ಮಾತೇ ಹೊಸದು. "ತಪ್ಪು ಅಂದ್ರೆ ತೆರಿಯುಂ, ಗೊತ್ತು. ಕಾಣಿಕ್ಕೆನೂ ತೆರಿಯುಂ. ಎರಡೂ ಸೇರಿ ಏನಪ್ಪಾ ಅದು?" ಎಂದು ಕೇಳಿದರು. ನಾನು ವಿವರಿಸಿದೆ, ನನಗೆ ಬೇಕಾದ ಹಾಗೆ. ಆತನನ್ನು ಕರೆಸಿದರು. ಕ್ಷಮಾಪಣೆ ಎನ್ನು, ಬೇಕಾದರೆ ತಮಿಳಿನಲ್ಲಿ ಮನ್ನಿಪ್ಪು ಎನ್ನು, ಆ ಮಾತು ಮಾತ್ರ ಬೇಡ ಎಂದು ಅವರು ಮೆಲ್ಲಗೇ ಹೇಳಿದರು.

"ಕ್ಷಮಾಪಣೆ ಅಂದ್ರೆ ನಮ್ ಮಕ್ಕಳ್ಗೆ ಅರ್ತಾಗಲ್ಲ ಅಯ್ಯಾ. ನಂಗೂ ಅಷ್ಟ್ರಲ್ಲೇ ಅದೆ. ತಪ್ಕಾಣ್ಕೆ ಅಂದ್ರೆ ಅರ್ತಾಯ್ತದೆ."

ಇದು ಹಟ ಎಂದು ನಾನು ಗಟ್ಟಿಯಾಗಿ ಹೇಳಿದೆ. ಆತನಿಂದ ಗಂಟೆಯ ಕೆಲಸ ತೆಗೆಸಿದೆ. ಆತ "ಆಗ್ಲಿ" ಎಂದು ಕಂಬಿ ಬಾರಿಸುವ ಕಬ್ಬಿಣದ ತುಂಡನ್ನು ತಂದು ನನ್ನ ಮುಂದಿಟ್ಟು ಹೋದ. ಅಂದಿನಿಂದ ಆ ಮಾತನ್ನು ಆಡಲಿಲ್ಲ. ಶನಿವಾರ ಸಂಜೆ ಮಕ್ಕಳ ಎದುರು ಕೂತು ಸುಮ್ಮನೆ ಅಂಗೈ ಚಾಚುತ್ತಿದ್ದ. ಅವು ಒಂದೊಂದೇ ತಮ್ಮ ಕೈಯನ್ನು ಅದರ ಮೇಲೆ ಇಡುತ್ತಿದ್ದವು. ನನ್ನ ಮಗ ನಮ್ಮ ಜಗಲಿಯ ಕಂಬಕ್ಕೆ ಒರಗಿ ಅದನ್ನು ನೋಡುತ್ತಿದ್ದ. ನೋಡಿ, ಒಮ್ಮೆ ನನ್ನ ಕಡೆ ತಿರುಗುತ್ತಿದ್ದ. ನಾನು ಲಾಟೀನು ಒರೆಸುವುದೋ, ಹಗ್ಗ ಹೊಸೆಯುವುದೋ, ಏನಾದರೊಂದು ಹಿಡಿದುಕೊಂಡಿರುತ್ತಿದ್ದೆ. ಹೀಗೆ ಎಷ್ಟು ತಿಂಗಳೋ. ಆಮೇಲೆ ಒಂದು ಶನಿವಾರ ಅವನು ಜಗಲಿಗೆ ಬರಲಿಲ್ಲ.

ಅವನು ನನಗೆ 'ನೀವು' ಎನ್ನತೊಡಗಿದ್ದೂ ಆ ದಿನಗಳಲ್ಲೇ. ಊಟ ಮಾಡಿ ಅಪ್ಪ, ಬನ್ನಿ ಅಪ್ಪ. ಹಿರಿಯರ ಮಗ ಎಷ್ಟು ಮರ್ಯಾದಸ್ಥ ಎಂದು ಸಭೆಯವರು ಹೊಗಳಿದರು. ನಾನೂ ಹೆಮ್ಮೆಪಟ್ಟೆ. ಅವನ ತಾಯಿ ಮಾತ್ರ ಒಂದು ದಿನ ಮುದ್ದೆ ತಿರುವುತ್ತ, "ಅದು ಮರ್ವಾದಿ ಅಲ್ಲ, ದೂರ" ಎಂದಳು.

ಕರ್ತನ ಭೋಜನಕ್ಕೆ ಸೇರುವ ಮುನ್ನ ಮಕ್ಕಳು ಕಲಿಯುವ ದೃಢೀಕರಣದ ಪಾಠಕ್ಕೆ ಹೆಸರು ಕೊಡುವ ವಯಸ್ಸು ಬಂದಾಗ "ನಾನು ಬರಲ್ಲ ಅಪ್ಪ" ಎಂದ. ಜಗಳವಿಲ್ಲ, ಕಾರಣವಿಲ್ಲ. ತೊಲೆಯ ಹುಣಸೆ ಬರಲನ್ನು ಕೈಗೆ ತೆಗೆದುಕೊಂಡೆ. ಅವನು ಅಂಗೈ ಚಾಚಿ ನಿಂತ. ನನಗೆ ಹೊಡೆಯಲಾಗಲಿಲ್ಲ. ಅಂದಿನಿಂದ ಇಂದಿನವರೆಗೆ ಅವನು ಕರ್ತನ ಭೋಜನಕ್ಕೆ ಕೈ ನೀಡಿಲ್ಲ. ಗೆಟ್ಟವಾಡಿಯಲ್ಲಿ ಮದುವೆಯಾಗಿ ಅಲ್ಲೇ ಉಳಿದ. ಗೂಡ್ಸ್ ಆಟೋ ಇಟ್ಟುಕೊಂಡು ಕೋಸು, ಟೊಮೇಟೊ ಚಾಮರಾಜನಗರದ ಮಾರ್ಕೆಟ್ಟಿಗೆ ಸಾಗಿಸುತ್ತಾನೆ. ಅಮ್ಮನಿಗೆ ಕಾಯಿಲೆಯಾದಾಗ ರಾತ್ರಿ ಹಗಲು ನೋಡಿಕೊಂಡ. ನನಗೂ ಮಾತ್ರೆ, ಬೆಡ್ಶೀಟು, ಹಣ್ಣು ಕಳಿಸುತ್ತಾನೆ. ಬಂದರೆ ನಿಂತೇ ಮಾತಾಡಿ ಹೋಗುತ್ತಾನೆ. ಯಾರಾದರೂ ನನ್ನ ಮಗ ಕೆಟ್ಟವನೆಂದರೆ ನಾನು ಸುಮ್ಮನಿರುವುದಿಲ್ಲ. ಅವನು ಕೆಟ್ಟವನಲ್ಲ. ನಾನು ಯಾವುದಕ್ಕಾಗಿ ಅವನನ್ನು ಬೆಳೆಸಿದೆನೋ ಅದರಿಂದ ಅವನನ್ನು ಓಡಿಸಿದವನು ನಾನು.

ಕೆಳಮನೆಯಾತನ ಮಕ್ಕಳೆಲ್ಲ ದೇವದೂತರಾದರೆಂದು ಹೇಳುತ್ತಿಲ್ಲ. ದೊಡ್ಡವನು ಕುಡಿಯುತ್ತಾನೆ. ಎರಡನೆಯವನು ಊರಿಗೆ ಬರುವುದೇ ಅಪರೂಪ. ಆದರೆ ಅಪ್ಪ ಹಾಸಿಗೆ ಹಿಡಿದಾಗ ಮೂವರೂ ಸುತ್ತ ಇದ್ದರು. ಕುಡಿಯುವವನು ಕುಡಿಯದೆ, ಕೈ ನಡುಗಿಸುತ್ತ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದ. ನಾನು ನೋಡಲು ಹೋದೆ. ಆತ ಮಕ್ಕಳನ್ನು ಹೊರಗೆ ಕಳಿಸಿ ನನ್ನ ಕೈ ಹಿಡಿದುಕೊಂಡ. ಮೂಳೆ ಮಾತ್ರ ಉಳಿದಿದ್ದ ಕೈ.

"ಅಣ್ಣ, ಅವತ್ತು ಸಭೇಲಿ ನಾನು ಎದ್ದು ನಿಂತೋನು ಕೂತ್ಬುಟ್ಟೆ. ಅಲ್ಲೇ ಗಟ್ಟಿಯಾಗಿ ಏಳ್ಬುಟ್ಟಿದ್ರೆ ಅಲ್ಲೇ ತೀರೋಗದು. ನಿಮ್ಗೂ ಇಷ್ಟ್ ದಿವ್ಸ ಇದು ಇರ್ತಿರ್ನಿಲ್ಲ. ನಂದು ತಪ್ಪು. ಒಪ್ಕಳಿ ಅಣ್ಣ."

ಗಂಟೆ ಕಿತ್ತುಕೊಂಡವನು ನಾನು. ಆತನ ಮಾತನ್ನು ಕಿತ್ತುಕೊಂಡವನು ನಾನು. ಕ್ಷಮೆ ಕೇಳಿದವನು ಆತ. ನಾನು "ಒಪ್ಪಿಕೊಂಡೆ" ಎಂದೆ. ನನ್ನ ಮಾತು ನಾಲಿಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಮಗಳು ಕಷಾಯ ತಂದಳು. ನಾಳೆ ಹೇಳೋಣ ಎಂದುಕೊಂಡು ಎದ್ದುಬಂದೆ. ಮರುದಿನ ಬೆಳಗ್ಗೆ ಕೆಳಗಿನಿಂದ ಅಳು ಕೇಳಿಸಿತು...

ಅದಾಗಿ ಬಹಳ ವರ್ಷಗಳಾದವು. ಈಚೆಗೆ ನನಗೂ ಎದೆ ಹಿಡಿಯುತ್ತದೆ. ಅವರೆ ಬಂದ ವಾರದಲ್ಲೇ ಒಂದು ದಿನ ಬಸ್ಸು ಹತ್ತಿ ಗೆಟ್ಟವಾಡಿಗೆ ಹೋದೆ. ಮಗ ಮನೆಯ ಮುಂದೆ ಗೂಡ್ಸ್ ಆಟೋಗೆ ಕೋಸಿನ ಮೂಟೆ ತುಂಬಿ ಹಗ್ಗ ಬಿಗಿಯುತ್ತಿದ್ದ. ಅವನ ತಲೆಯೂ ಮುಕ್ಕಾಲು ಬೆಳ್ಳಗಾಗಿದೆ.

"ಏನಪ್ಪಾ, ಒಬ್ರೇ ಬಂದ್ರಾ? ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ."

ಒಳಗೆ ಕರೆದ. ಹೋದರೆ ಸೊಸೆ, ಮೊಮ್ಮಕ್ಕಳ ನಡುವೆ ಬಾಯಿ ಬರುವುದಿಲ್ಲವೆಂದು ಅಲ್ಲೇ ಆಟೋ ಹಿಡಿದುಕೊಂಡು ನಿಂತೆ. ಹೇಳಿದೆ. ಬಿಕ್ಕುತ್ತ, ತೊದಲುತ್ತ, ಮೊದಲಿನಿಂದ ಹೇಳಿದೆ. ಬೂದಿ ಎಂದು ಆವತ್ತು ಮಧ್ಯಾಹ್ನವೇ ನನಗೆ ಗೊತ್ತಿತ್ತು ಮಗ, ನನ್ನದು ತಪ್ಪು, ಒಪ್ಪಿಕೋ ಎಂದೆ.

ಅವನು ಹಗ್ಗದ ತುದಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಆಮೇಲೆ, "ಕೆಳಮನೆ ಚಿಕ್ಕಪ್ಪ ಅವತ್ತೇ ಬಂದು ಕೇಳಿದ್ರು" ಎಂದ.

"ಏನಂತ?"

"ಗಟ್ಟಿಯಾಗಿ ಏಳ್ನಿಲ್ಲ, ನಂದು ತಪ್ಪು ಅಂತ. ನಾನ್ ಇತ್ಲಲ್ಲಿ ಕೂತಿದ್ದೆ. ಕಳ್ಳೆಕಾಯಿ ಕೊಟ್ರು. ಅವ್ರಿಗೆ ಒಪ್ಕಂಡೆ."

ನಾನು ಕಾದೆ. ಅವನು ಹಗ್ಗವನ್ನು ಕೊಕ್ಕೆಗೆ ಸುತ್ತಿ ಎಳೆದ.

"ಆ ಉಡ್ಗ ಒಪ್ಕತಿದ್ದ ಅಪ್ಪ. ನೀವು ಅವತ್ತು ಸಂಜೆ ಕೇಳಿದ್ರೂ ಒಪ್ಕತಿದ್ದ, ಆಮೇಕೆ ಒಂದ್ ವರ್ಸ ಬುಟ್ಟು ಕೇಳಿದ್ರೂ ಒಪ್ಕತಿದ್ದ. ನನ್ನ ಕೇಳಿದ್ರೆ ನಾನ್ ಏನಂತ ಏಳ್ಳಿ? ನಂಗೆ ಅವ್ನೇ ಸರಿಯಾಗಿ ನೆಪ್ಪಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ನನ್ನನ್ನು ನೋಯಿಸಬೇಕೆಂದೂ ಹೇಳಲಿಲ್ಲ. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದ. ಸೊಸೆ ಹುರುಳಿ ಸಾರು ಮಾಡಿದ್ದಳು. ಅವನು ನನ್ನ ಪಕ್ಕದಲ್ಲೇ ಕೂತು ಉಂಡ, ಮೂಟೆ ಸಾಗಿಸಲು ತಡವಾಗುತ್ತಿದ್ದರೂ ಎದ್ದು ಹೋಗಲಿಲ್ಲ. ಬಸ್ಸಿಗೆ ಬಿಡುವಾಗ ಮೊಣಕೈ ಹಿಡಿದು ಹತ್ತಿಸಿ, "ಬಾಗ್ಲತ್ರ ಕೂತ್ಕಬ್ಯಾಡಿ, ಗಾಳಿ" ಎಂದ. ಬಸ್ಸು ತಿರುಗುವವರೆಗೂ ಅಲ್ಲೇ ನಿಂತಿದ್ದ. ಇದನ್ನು ಒಪ್ಪಿಗೆ ಎಂದುಕೊಳ್ಳಲು ನನಗೆ ಬಹಳ ಆಸೆ. ಅಲ್ಲವೆಂದು ನನಗೆ ಗೊತ್ತು. ಒಪ್ಪುವ ಹುಡುಗ ಅಷ್ಟು ತಿಂಗಳು ನನ್ನ ಜಗಲಿಯ ಮೇಲೆಯೇ ಇದ್ದ.

ಊರಲ್ಲಿ ಇಳಿದು ನಡೆದು ಬರುವಾಗ ನನ್ನ ಕಾಲು ದಿಣ್ಣೆ ಹತ್ತದೆ ಕೆಳಮನೆಯ ಕಡೆಗೇ ಹೋಯಿತು. ಕೇಳಿದೆ ಕಣಪ್ಪಾ, ಕೊನೆಗೂ ಕೇಳಿದೆ, ಎಂದು ಹೇಳಬೇಕಾಗಿತ್ತು. ಬಾಗಿಲಿಗೆ ಬೀಗ ಹಾಕಿತ್ತು. ಮಗಳು ಹೊಲಕ್ಕೆ ಹೋಗಿದ್ದಳೇನೋ. ನನ್ನ ಮಾತು ಕೇಳಬೇಕಾದವನು ಆ ಮನೆಯಿಂದ ಹೋಗಿ ಎಷ್ಟೋ ವರ್ಷವಾಯಿತೆಂಬುದು ಮೆಟ್ಟಿಲ ಮೇಲೆ ನಿಂತಾಗ ನೆನಪಾಯಿತು. ಸ್ವಲ್ಪ ಹೊತ್ತು ನಿಂತಿದ್ದು ಮೇಲೆ ಹತ್ತಿ ಬಂದೆ.